ಎಡಗೈಗೊಂದು ಲೇಖನಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಹಳೆಯ ವಿದ್ಯಾರ್ಥಿಯಾದ ನನ್ನಲ್ಲಿ ಹೇಳಲು ಯೋಗ್ಯವಾದುದೇನಿದೆ ಎಂದು ಯೋಚಿಸುತ್ತ ಕುಳಿತೆ. ಮೇಜಿನ ಮೇಲಿದ್ದ ಶಾಯಿಯ ಸೀಸೆ ಕಣ್ಣಿಗೆ ಬಿತ್ತು. ಎಡ ಅಂಗೈಯ ಅಂಚಿಗೆ ಅಂಟಿದ್ದ ನೀಲಿಯೂ ಕಂಡಿತು. ಐವತ್ತು ವರ್ಷಗಳಿಗೂ ಮಿಕ್ಕಿ ನನ್ನನ್ನು ಬಿಡದ ಆ ಕಲೆಯ ವಿಚಾರವನ್ನೇ ಬರೆಯುತ್ತೇನೆ.

ನಾನು ಎಡಚ. ಸೊರಬ ಸೀಮೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಬಳಪ ಹಿಡಿದ ಎಡಗೈಯ ಗೆಣ್ಣಿನ ಮೇಲೆ ಬೆತ್ತ ಬೀಳುತ್ತಿತ್ತು. ಬಲಗೈಯಿಂದ ಬರೆದ ಅಕ್ಷರಗಳಾದರೋ ಮಳೆಗೆ ಸಿಕ್ಕ ಇರುವೆಯ ಸಾಲಿನಂತಿದ್ದವು. 1971ರಲ್ಲಿ ಶಿಕಾರಿಪುರಕ್ಕೆ ಬಂದು ಈ ಪ್ರೌಢಶಾಲೆಯನ್ನು ಸೇರಿದ ಮೊದಲ ವಾರವೇ ಕನ್ನಡ ಪಂಡಿತರು ನನ್ನ ಅವಸ್ಥೆಯನ್ನು ಕಂಡರು.

"ಇಷ್ಟಲಿಂಗವನ್ನು ಯಾವ ಕೈಯಲ್ಲಿಟ್ಟು ಪೂಜಿಸುತ್ತೀಯಪ್ಪಾ?" ಎಂದು ಕೇಳಿದರು.

"ಎಡಗೈಯಲ್ಲಿ, ಗುರುಗಳೇ."

"ಲಿಂಗಕ್ಕೆ ಆಗಿಬಂದ ಕೈ ಅಕ್ಷರಕ್ಕೆ ಆಗದೇನು? ಬರೆ."

ಅಪ್ಪಣೆಯೇನೋ ದೊರೆಯಿತು, ತಕ್ಕ ಲೇಖನಿ ದೊರೆಯಲಿಲ್ಲ. ನಮ್ಮ ಬರವಣಿಗೆ ಎಡದಿಂದ ಬಲಕ್ಕೆ ಸಾಗುತ್ತದೆ. ಬಲಗೈಯವನು ನಿಬ್ಬನ್ನು ಎಳೆಯುತ್ತ ಹೋಗುತ್ತಾನೆ. ಅವನ ಕೈ ಹಸಿ ಅಕ್ಷರದಿಂದ ದೂರ ಸರಿಯುತ್ತದೆ. ಎಡಚನು ನಿಬ್ಬನ್ನು ದೂಡಬೇಕು. ಅವನ ಅಂಗೈ ತಾನು ಬರೆದುದನ್ನೇ ಒರೆಸುತ್ತ ಹಿಂದಿನಿಂದ ಬರುತ್ತದೆ. ದೂಡಿದಾಗ ಸಣ್ಣ ನಿಬ್ಬು ಕಾಗದವನ್ನು ಕೆರೆದು, ಅದರ ನಾರನ್ನು ಸೀಳಿನಲ್ಲಿ ಸಿಕ್ಕಿಸಿಕೊಳ್ಳುತ್ತದೆ. ದಪ್ಪ ನಿಬ್ಬು ನುಣ್ಣಗೆ ಓಡುತ್ತದೆ, ಆದರೆ ಅದು ಸುರಿಸುವ ಶಾಯಿ ಬೇಗ ಆರದು. ಈ ಎರಡರ ನಡುವಣ ದಾರಿಯನ್ನು ಹುಡುಕುವುದರಲ್ಲಿಯೇ ಹೈಸ್ಕೂಲಿನ ಮೂರು ವರ್ಷಗಳು ಕಳೆದವು.

ಕಾಗದದ ತಲೆಯನ್ನು ಬಲಕ್ಕೆ ವಾಲಿಸಿ, ಕೈಯನ್ನು ಸಾಲಿನ ಕೆಳಗೆ ಇರಿಸಿಕೊಳ್ಳುವ ಉಪಾಯವನ್ನು ಕಲಿಸಿದವರೂ ಆ ಪಂಡಿತರೇ. ಕೈಯನ್ನು ಸಾಲಿನ ಮೇಲಿಂದ ಕೊಕ್ಕೆಯಂತೆ ಬಾಗಿಸಿದರೆ ಮಣಿಕಟ್ಟು ನೋಯುತ್ತದೆ. ಆದರೆ ಕೆಳಗಿಟ್ಟ ಕೈಗೂ ಕನ್ನಡದಲ್ಲಿ ಒಂದು ಶತ್ರುವುಂಟು: ಒತ್ತಕ್ಷರ. 'ರಾಷ್ಟ್ರ' ಎಂದು ಬರೆದರೆ ಸಾಲಿನ ಕೆಳಗೆ ಜೋತುಬಿದ್ದ ಒತ್ತುಗಳೆಲ್ಲ ಹಸಿಯಾಗಿಯೇ ಅಂಗೈಗೆ ಅಂಟುತ್ತವೆ. ಇಂಗ್ಲಿಷ್ ಬರೆಯುವ ಎಡಚನಿಗೆ ಇಷ್ಟು ಬಾಧೆ ಇರಲಾರದೆಂದು ನನ್ನ ಎಣಿಕೆ.

ಆದ್ದರಿಂದ ಪೆನ್ನು ಕೊಳ್ಳುವಾಗ ಹೆಸರು ಗೀಚಿ ನೋಡಿದರೆ ಸಾಲದು. ಒತ್ತಕ್ಷರ ತುಂಬಿದ ಎರಡು ಸಾಲುಗಳನ್ನು ಬರೆದು, ಹತ್ತು ಎಣಿಸಿ, ಬೆರಳಿನಿಂದ ಉಜ್ಜಿ ನೋಡಬೇಕು. ಪೇಟೆಯ ಅಂಗಡಿಯಲ್ಲಿ ಬ್ರಿಲ್, ಚೆಲ್‌ಪಾರ್ಕ್, ಕ್ಯಾಮೆಲ್ ಶಾಯಿಗಳನ್ನು ನಾನು ಹೀಗೆ ಪರೀಕ್ಷಿಸುತ್ತಿದ್ದಾಗ ಅಂಗಡಿಯವರು, "ಏನಪ್ಪಾ, ಕನ್ಯಾಪರೀಕ್ಷೆಯೇ?" ಎಂದು ನಗುತ್ತಿದ್ದರು. ನನಗೆ ಒಗ್ಗಿದ್ದು ಮೊನೆ ದುಂಡಾಗಿರುವ, ಶಾಯಿಯನ್ನು ಜಿಪುಣತನದಿಂದ ಬಿಡುವ ಮಧ್ಯಮ ನಿಬ್ಬು. ಹೊಳಪು ಕಾಗದದ ಮೇಲೆ ಶಾಯಿ ನಿಧಾನವಾಗಿ ಆರುತ್ತದೆ. ಒರಟು ಕಾಗದ ಬೇಗ ಹೀರಿದರೂ ಅಕ್ಷರ ಹರಡುತ್ತದೆ. ಆಷಾಢದ ಮಳೆಯಲ್ಲಂತೂ ಕಾಗದವೇ ತೇವವಾಗಿ ಯಾವ ಶಾಯಿಯೂ ಮಾತು ಕೇಳುತ್ತಿರಲಿಲ್ಲ. ಅಂಗೈಯ ಕೆಳಗೆ ಒತ್ತುಕಾಗದದ ತುಂಡೊಂದನ್ನು ಇಟ್ಟುಕೊಂಡೇ 1974ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಬರೆದೆ. ಜರ್ಮನಿಯ ಲಾಮಿ, ಪೆಲಿಕಾನ್ ಕಂಪನಿಗಳು ಎಡಗೈಯವರಿಗೆಂದೇ ಪೆನ್ನು ಮಾಡಿವೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನನ್ನ ಕೈಯಲ್ಲಿ ಕದಡದೆ ಉಳಿದ ಶಾಯಿ ಒಂದೇ. ಅದು 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಮತದಾನದ ಶಾಯಿ. ಅದನ್ನು ಹಚ್ಚುವುದು ಎಡಗೈಯ ತೋರುಬೆರಳಿಗೆ, ಎಂದರೆ ನಾನು ಬರೆಯುವ ಬೆರಳಿಗೇ!

ಇಷ್ಟೆಲ್ಲ ಅನುಭವಿಸಿದ ನಾನು ಮಾಡಿದ ಕೆಲಸವೊಂದನ್ನು ಇಲ್ಲಿ ಮುಚ್ಚಿಡಲಾರೆ. 1987ರಲ್ಲಿ ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದೆ. ಐದನೆಯ ತರಗತಿಯಲ್ಲಿ ಎಡಗೈಯಿಂದ ಬರೆಯುವ ಹುಡುಗಿಯೊಬ್ಬಳಿದ್ದಳು. ಅವಳ ತಂದೆ ಬಂದು, "ಹೆಣ್ಣುಮಗು ಮೇಷ್ಟ್ರೇ, ನಾಳೆ ಕೊಟ್ಟ ಮನೆಯವರು ಏನೆಂದಾರು? ನೀವೇ ತಿದ್ದಿರಿ" ಎಂದು ಕೈ ಮುಗಿದರು. ತನಿಖೆಗೆ ಇನ್‌ಸ್ಪೆಕ್ಟರು ಬರುವ ದಿನಗಳೂ ಸಮೀಪಿಸಿದ್ದವು. ಬೆತ್ತವನ್ನು ಹಿಡಿಯಲಿಲ್ಲ, ನಿಜ. ಲೇಖನಿಯನ್ನು ಅವಳ ಎಡಗೈಯಿಂದ ಬಿಡಿಸಿ ಬಲಗೈಯಲ್ಲಿಟ್ಟೆ; ಪ್ರತಿದಿನವೂ ಇಟ್ಟೆ. ನನ್ನ ಎಡಗೈಯನ್ನೇ ನೋಡುತ್ತ ಆ ಮಗು ಬಲಗೈಯಿಂದ ತಿದ್ದಿತು. ಪಂಡಿತರ ಮಾತು ನನಗೆ ಆಗ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು.

ಕಳೆದ ವರ್ಷ ಸೊರಬದ ಬಸ್ ನಿಲ್ದಾಣದಲ್ಲಿ ಆಕೆಯೇ ಗುರುತು ಹಿಡಿದು ನಮಸ್ಕರಿಸಿದಳು. ಎಡಗೈಯಲ್ಲಿ ಚೀಲ, ಎಡಗೈಯಿಂದಲೇ ಮಗನ ತಲೆಯನ್ನು ನೇವರಿಸಿದಳು. ಜೇಬಿನಿಂದ ಪೆನ್ನನ್ನೂ ಒಂದು ಚೀಟಿಯನ್ನೂ ತೆಗೆದು ಕೊಟ್ಟು, "ಎಡಗೈಯಲ್ಲಿ ನಿನ್ನ ಹೆಸರು ಬರೆದು ನೋಡಮ್ಮ" ಎಂದೆ. ಆಕೆ ಅರ್ಧ ಅಕ್ಷರವನ್ನು ಗೀಚಿ ನಿಲ್ಲಿಸಿದಳು.

"ಈಗ ಈ ಕೈಗೆ ಬರುವುದಿಲ್ಲ ಸಾರ್" ಎಂದು ನಕ್ಕು, ಪೆನ್ನಿಗೆ ಮುಚ್ಚಳ ಹಾಕಿ ಹಿಂದಿರುಗಿಸಿದಳು.