ರುವಾನ್ ಲಿಂಗ್ಯು: ಕೊನೆಯಿಂದ ಮೊದಲಿಗೆ

ರುವಾನ್ ಲಿಂಗ್ಯು ಎಂಬ ಹೆಸರು ನನಗೆ ಗೊತ್ತಾದದ್ದೇ ಅವಳ ಸಾವಿನಿಂದ. ಪುಣೆಗೆ ಬಂದ ಹೊಸತು. ಪಿ.ಜಿ. ಕೋಣೆಯಲ್ಲಿ ಜೊತೆಗಿದ್ದ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಸ್ಟ್ಯಾನ್ಲಿ ಕ್ವಾನ್ ನಿರ್ದೇಶನದ 'ಸೆಂಟರ್ ಸ್ಟೇಜ್' ನೋಡಿದ್ದೆ. ಅದರಲ್ಲಿ ರುವಾನ್ ಪಾತ್ರ ಮಾಡಿದವಳು ಮ್ಯಾಗಿ ಚೆಯುಂಗ್. 1992ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಅವಳಿಗೆ ಬಂದದ್ದು ಅದಕ್ಕೇ. ಸಿನಿಮಾ ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು: ಶಾಂಘೈನ ಮೂಕಿಚಿತ್ರಗಳ ದೊಡ್ಡ ತಾರೆ, ಹಳೆಯ ಸಂಗಾತಿ ಹೂಡಿದ ಕೋರ್ಟು ಕೇಸು, ಬಾಯಿಗೆ ಬಂದದ್ದು ಬರೆದ ಪತ್ರಿಕೆಗಳು, 1935ರ ಮಾರ್ಚ್ 8ರಂದು ತಾನೇ ತಂದುಕೊಂಡ ಸಾವು. ಆಗ ಅವಳಿಗೆ ಬರೀ 24 ವರ್ಷ.

ಆಮೇಲೆ 1934ರ 'ದೇವತೆ' ನೋಡಿದೆ. ಮಗನನ್ನು ಶಾಲೆಗೆ ಕಳಿಸಲು ರಾತ್ರಿ ಬೀದಿಗಿಳಿಯುವ ತಾಯಿಯ ಕತೆ. ಚೀನೀ ಹೆಸರು 'ಶೆನ್‌ನ್ಯು'. ಅದಕ್ಕೆ ದೇವತೆ ಎಂದೂ ಅರ್ಥ, ಆ ಕಾಲದ ಮಾತಿನಲ್ಲಿ ಬೀದಿಯ ಹೆಣ್ಣು ಎಂದೂ ಅರ್ಥ. ನೋಡುವಾಗ ಒಂದು ತಪ್ಪು ಮಾಡಿದೆ. ಅವಳು ಕಣ್ಣು ತಗ್ಗಿಸಿದರೂ, ಸಿಗರೇಟು ಹಚ್ಚಿದರೂ, 'ಅಯ್ಯೋ, ಇನ್ನೊಂದು ವರ್ಷ ಅಷ್ಟೇ' ಎಂದುಕೊಳ್ಳುತ್ತಿದ್ದೆ. ಅಭಿನಯ ನೋಡುವ ಬದಲು ಭವಿಷ್ಯ ನೋಡುತ್ತಿದ್ದೆ.

ಈ ತಪ್ಪು ತಿದ್ದಿದ್ದು 1931ರ 'ಪ್ರೇಮ ಮತ್ತು ಕರ್ತವ್ಯ'. ಈ ಚಿತ್ರ ಎಷ್ಟೋ ಕಾಲ ಕಳೆದುಹೋಗಿದೆ ಎಂದೇ ಲೆಕ್ಕ. 1990ರ ದಶಕದಲ್ಲಿ ಪ್ರತಿಯೊಂದು ಸಿಕ್ಕಿತು, ಅದೂ ಎಲ್ಲಿ? ಉರುಗ್ವೆಯಲ್ಲಿ! ಅಲ್ಲಿಂದ ಅದು ತೈವಾನಿನ ಚಿತ್ರ ಭಂಡಾರ ಸೇರಿ, ಮುಂದೆ ದುರಸ್ತಿಯಾಯಿತು. ಎರಡೂವರೆ ಗಂಟೆಯ ಮೂಕಿಚಿತ್ರ. ಭಾನುವಾರ ಮಧ್ಯಾಹ್ನ ಊಟ ಮಾಡಿ ನೋಡಲು ಕೂತವಳು ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಮೊದಲಿಗೆ ಅವಳು ಶಾಲೆಗೆ ಹೋಗುವ ಹುಡುಗಿ. ಆಮೇಲೆ ಹಿರಿಯರು ನೋಡಿ ಮಾಡಿದ ಮದುವೆಯ ಹೆಂಡತಿ, ಗಂಡ ಮಕ್ಕಳನ್ನು ಬಿಟ್ಟು ಹಳೆಯ ಪ್ರೇಮಿಯ ಜೊತೆ ಹೊರಟವಳು, ಅವನೂ ಸತ್ತ ಮೇಲೆ ಹೊಲಿಗೆ ಹಾಕಿ ಮಗಳನ್ನು ಸಾಕುವವಳು. ತಾನು ಬಿಟ್ಟುಬಂದ ಮಕ್ಕಳಿಗೇ ಬಟ್ಟೆ ಹೊಲಿಯುವ ಪ್ರಸಂಗವೂ ಬರುತ್ತದೆ; ತಾಯಿ ಯಾರೆಂದು ಆ ಮಕ್ಕಳಿಗೆ ಗೊತ್ತಿಲ್ಲ. ಕತೆ ಹಳೆಯದು, ಕಣ್ಣೀರು ಬೇಕಾದ್ದಕ್ಕಿಂತ ಹೆಚ್ಚು. ಆದರೆ ದೊಡ್ಡವಳಾದ ಮಗಳ ಪಾತ್ರವನ್ನೂ ರುವಾನ್ ಲಿಂಗ್ಯುವೇ ಮಾಡಿದ್ದಾಳೆ. ಇಪ್ಪತ್ತರ ಆಸುಪಾಸಿನ ಹುಡುಗಿ ಒಂದೇ ಚಿತ್ರದಲ್ಲಿ ಸೋತ ಮುದುಕಿಯೂ ಆಗಿ, ಆ ಮುದುಕಿಯ ಮಗಳೂ ಆಗಿದ್ದಾಳೆ. ದಣಿವನ್ನು ತಾಯಿಗೆ ಕೊಟ್ಟು ಮಗಳಿಗೆ ಕೊಡದೆ ಇಡುವುದಿದೆಯಲ್ಲ, ಅದು ದುಃಖದಿಂದ ಬರುವ ವಿದ್ಯೆಯಲ್ಲ. ಕಸುಬು ಕಲಿತವರಿಗೆ ಬರುವುದು.

ಎಲ್ಲಿ ಕಲಿತಳು? ಹುಡುಕುತ್ತಾ ಹಿಂದೆ ಹೋದೆ. ಹುಟ್ಟಿದ್ದು 1910ರಲ್ಲಿ, ಶಾಂಘೈನಲ್ಲಿ. ಅಪ್ಪ ಕಾರ್ಮಿಕ, ಇವಳು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅಮ್ಮ ಶ್ರೀಮಂತರ ಮನೆಯಲ್ಲಿ ಕೆಲಸದವಳು. 1926ರಲ್ಲಿ, 16ನೆಯ ವಯಸ್ಸಿಗೆ, ಮಿಂಗ್‌ಶಿಂಗ್ ಕಂಪನಿ ಸೇರಿದಳು. ಮೊದಲ ಚಿತ್ರ 1927ರ 'ಹೆಸರಿಗಷ್ಟೇ ದಂಪತಿ'. ನಿರ್ದೇಶಕ ಬು ವಾನ್‌ಚಾಂಗ್. 'ಪ್ರೇಮ ಮತ್ತು ಕರ್ತವ್ಯ' ಮಾಡಿದವನೂ ಅವನೇ. ಮರುವರ್ಷದ 'ಬಿಳಿ ಮೋಡದ ಗೋಪುರ'ದಲ್ಲಿ ನಾಯಕಿ ಹು ಡೀ. ನಮ್ಮವಳಿಗೆ ಸಿಕ್ಕಿದ್ದು ಖಳನಾಯಕಿಯ ಪಾತ್ರ! ಇದನ್ನು ಓದಿ ನನಗೆ ಖುಷಿಯಾಯಿತು. ಅಳುವುದಕ್ಕೇ ಹುಟ್ಟಿದ ಮುಖ ಎಂದು ನಾವೆಲ್ಲ ತೀರ್ಮಾನಿಸಿದವಳು ಒಂದು ಕಾಲಕ್ಕೆ ಇನ್ನೊಬ್ಬಳ ಕಣ್ಣಲ್ಲಿ ನೀರು ತರಿಸುತ್ತಿದ್ದಳು. ಆದರೆ ನೋಡೋಣವೆಂದರೆ ಆ ವರ್ಷಗಳ ಚಿತ್ರಗಳು ಹೆಚ್ಚುಕಡಿಮೆ ಎಲ್ಲ ಹಾಳಾಗಿವೆ. ಅವಳು ತಪ್ಪು ಮಾಡಿ ಕಲಿತ ಕಾಲವೇ ನಮ್ಮ ಪಾಲಿಗಿಲ್ಲ.

ಚೀನಾದವರನ್ನು ಆಡಿಕೊಳ್ಳುವ ಹಾಗೂ ಇಲ್ಲ. 'ದೇವತೆ' ಬಂದ 1934ರಲ್ಲೇ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ತೆರೆಕಂಡಿತು. ಅದರ ಒಂದು ಪ್ರತಿಯೂ ನಮ್ಮಲ್ಲಿ ಉಳಿದಿಲ್ಲ. ನಾಯಕಿ ತ್ರಿಪುರಾಂಬ ಹೇಗೆ ನಡೆಯುತ್ತಿದ್ದಳು, ಹೇಗೆ ಮಾತಾಡುತ್ತಿದ್ದಳು, ಯಾರು ಹೇಳಬೇಕು?

ಅವತ್ತು ಸಂಜೆ ನೆನಪಾದವಳು ಗದಗಿನ ನಮ್ಮ ದೊಡ್ಡವ್ವ. ಅವಳು ಸಣ್ಣವಳಿದ್ದಾಗ ನಾಟಕ ಕಂಪನಿಯಲ್ಲಿದ್ದಳು. ಮನೆಯಲ್ಲಿ ಆ ಮಾತು ಬಂದರೆ ಒಂದೇ ವಾಕ್ಯ: 'ಕಂಪನಿ ಬಿಡಿಸಿ ಮದುವಿ ಮಾಡಿದ್ರು.' ನಲವತ್ತು ವರ್ಷ ಕೇಳಿದ್ದೇನೆ. ಬಿಡಿಸುವ ಮೊದಲು ಅವಳು ಅಲ್ಲಿ ಏನು ಮಾಡುತ್ತಿದ್ದಳೆಂದು ನಾನೂ ಕೇಳಿರಲಿಲ್ಲ. ಫೋನ್ ಹಚ್ಚಿದೆ.

"ದೊಡ್ಡವ್ವಾ, ನೀ ಮೊದಲ ಮಾಡಿದ ಪಾರ್ಟು ಯಾವುದು?"

ಆ ಕಡೆ ಟಿ.ವಿ. ಸದ್ದು ಸಣ್ಣದಾಯಿತು. "ಈಗ್ಯಾಕವ್ವ ಅದು?"

"ಸುಮ್ನ. ಹೇಳು."

"ಹರಿಶ್ಚಂದ್ರದಾಗ ಲೋಹಿತಾಶ್ವ. ಹಾವು ಕಡದು ಸತ್ತು ಮಲಗೋದು. ಮಲಗಿದ್ನಿ. ತಾರಾಮತಿ ಎದಿ ಬಡ್ಕೊಂಡು ಅಳಾಕತ್ತಾಳ, ನನಗ ಸೊಳ್ಳಿ ಕಡ್ಯಾಕತ್ತು. ತಡ್ಯಾಕ ಆಗ್ಲಿಲ್ಲ, ಕಾಲು ಕೆರಕೊಂಡ್ನಿ. ಮಂದಿ ಹೋ ಅಂತ ನಕ್ಕಬಿಟ್ರು."

"ಮಾಲಕರು ಬೈದ್ರೇನ?"

"ಬೈದ್ರು. ಮರುದಿನ ಚೊಲೋ ಸತ್ನಿ," ಎಂದಳು. ನಗು ತಡೆಯಲಾರದೆ ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ನಾನು ಕೇಳದಿದ್ದರೂ, ಎರಡನೆಯ ಪಾರ್ಟಿನ ವಿಷಯಕ್ಕೆ ಬಂದಳು.