ಹಾಲಿ ಸಿಕ್ಕಾ, ಕಲ್ದಾರ ಮತ್ತು ಕಾಕಾನ ಬೋರ್‌ವೆಲ್

ಹಾಲಿ ಸಿಕ್ಕಾ ಅನ್ನೋ ಮಾತು ಕೇಳಿದ್ದೀರಾ? ನಮ್ಮ ಕಡೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಿರಿಯರಿಗೆ ಗೊತ್ತು. ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಬೇರೆಯದೇ ದುಡ್ಡಿತ್ತು. ಕಾಗದದ ಮೇಲೆ ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ ಹಾಲಿ ಸಿಕ್ಕಾ. ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಬ್ರಿಟಿಷರ ಕಲ್ದಾರ. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ. ನದಿ ದಾಟಿದರೆ ರೂಪಾಯಿಯೇ ಬದಲು!

ನೋಟು ಶುರುವಾದದ್ದು 1918ರಲ್ಲಿ. ಮೊದಲು ಹತ್ತು ಮತ್ತು ನೂರು, ಆಮೇಲೆ ಒಂದು, ಐದು, 1926ರಲ್ಲಿ ಸಾವಿರ. ಅಚ್ಚು ಹಾಕಿದ್ದು ಇಂಗ್ಲೆಂಡಿನ ವಾಟರ್ಲೋ ಕಂಪನಿ, ಆಮೇಲೆ ನಾಸಿಕದ ಮುದ್ರಣಾಲಯ. ಎದ್ದು ಕಾಣೋದು ಉರ್ದು. ಆದರೆ ಮೊತ್ತ ಕನ್ನಡದಲ್ಲೂ ಇದೆ ಕಣ್ರೀ!

ಇಷ್ಟೆಲ್ಲ ಓದಿದ್ದು ಕುಷ್ಟಗಿಯ ಕಾಕಾನಿಂದಾಗಿ. ಮುತ್ತಜ್ಜಿಯ ಟ್ರಂಕಿನಲ್ಲಿ ಅಂಥ ನಾಲ್ಕು ನೋಟು ಸಿಕ್ಕಿದ್ವು. ಫೋನಿನಲ್ಲಿ ಯಾರೋ "ಒಂದಕ್ಕೆ ಮೂರು ಲಕ್ಷ, ಮೊದಲು ಎಂಟು ಸಾವಿರ ನೋಂದಣಿ ಶುಲ್ಕ ಕಟ್ಟಿ" ಅಂದಿದ್ದಾರೆ. ಕಾಕಾನ ಎರಡು ಬೋರ್‌ವೆಲ್ ಬತ್ತಿವೆ, ಮೂರನೆಯದರ ಕನಸು. ಎಂಟು ಸಾವಿರ ಸಾಲ ತರೋಕೆ ಹೊರಟಿದ್ರು.

ಫೋಟೋ ತರಿಸಿಕೊಂಡೆ. ಮೂರು ಒಂದು ರೂಪಾಯಿಯವು, ಒಂದು ಹತ್ತರದ್ದು. ಇವುಗಳ ಬೆಲೆ ನಿಂತಿರೋದು ಮೊತ್ತ, ಸಹಿ, ಸ್ಥಿತಿ ಈ ಮೂರರ ಮೇಲೆ. ಸಾವಿರದ ನೋಟು ತೀರ ಅಪರೂಪ. ಕೊನೆಗಾಲದ ಒಂದು ರೂಪಾಯಿ ಸಂಗ್ರಹಕಾರರ ಹತ್ತಿರ ಬೇಕಾದಷ್ಟಿವೆ. ನಮ್ಮವು ನಾಲ್ಕು ಮಡಿಕೆ ಬಿದ್ದು, ಒಂದಕ್ಕೆ ತೂತೂ ಆಗಿದೆ. ಉರ್ದು ಬಲ್ಲ ಸಹೋದ್ಯೋಗಿ ಹತ್ತರ ನೋಟಿನ ಸಹಿ ಓದಿದಳು: ಗುಲಾಮ್ ಮುಹಮ್ಮದ್. ನಿಜಾಮನ ಹಣಕಾಸು ನೋಡುತ್ತಿದ್ದವರು, 1951ರಲ್ಲಿ ಪಾಕಿಸ್ತಾನದ ಗವರ್ನರ್ ಜನರಲ್ ಆದರು! ನಮ್ಮ ಮುತ್ತಜ್ಜಿ ಅವರ ಸಹಿಯನ್ನ ಸೀರೆಗಂಟಿನಲ್ಲಿ ಇಟ್ಟುಕೊಂಡಿದ್ದಳು :)

"ಕಾಕಾ, ರೊಕ್ಕ ಕಟ್ಟಬ್ಯಾಡ್ರಿ. ಕೊಳ್ಳಾವ್ರು ನಮಗ ಕೊಡಬೇಕು, ನಾವ್ಯಾಕ ಅವರಿಗೆ ಕೊಡೂಣು?" ಅಂದೆ. ಇಂಥ ಶುಲ್ಕ ಕೇಳೋರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ ಅಂತಲೂ ಓದಿ ಹೇಳಿದೆ.

"ನಿನಗ ಊರಿನ ನೀರಿನ ಚಿಂತಿ ಏನ್ ಗೊತ್ತೋ ತಮ್ಮಾ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ದುಡ್ಡು ಮಾತ್ರ ಕಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಇದ್ದರೆ ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಾರುವವರು ಕೇಳೋ ಬೆಲೆ ಬಿಟ್ಟು, ಹರಾಜಿನಲ್ಲಿ ನಿಜವಾಗಿ ಹೋದ ಬೆಲೆ ನೋಡಿ. ಸಹಿ ಯಾರದ್ದು ಅಂತ ಕಾಮೆಂಟಿನಲ್ಲಿ ತಿಳಿಸಿ, ಓದಿಸಿ ಹೇಳ್ತೀನಿ.