ನಮ್ಮ ಮನೆಯ ಪದ್ಮಿನಿ

ಇಟಲಿಯ ಕಾರೆಂದರೆ ಎರಡು ಬಾಗಿಲಿನ, ನೆಲಕ್ಕೆ ಅಂಟಿದಂತಿರುವ, ಕೆಂಪು ಬಣ್ಣದ ಶೋಕಿ ಬಂಡಿ ಎಂಬ ಭಾವನೆ ನಮ್ಮ ಶಾಲೆಯ ಮಕ್ಕಳಲ್ಲಿದೆ. ನಮ್ಮ ಮನೆಯಲ್ಲಿಯೂ ಒಂದು ಇಟಲಿಯ ಕಾರಿದೆಯೆಂದು ಒಮ್ಮೆ ತರಗತಿಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟಿದ್ದೆವು. ಮರುದಿನ ಅದರಲ್ಲಿಯೇ ಶಾಲೆಗೆ ಹೋದಾಗ ಆ ಎಳೆಯ ಮುಖಗಳು ಬಾಡಿದ ಬಗೆಯನ್ನು ವಾಚಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ನಾಲ್ಕು ಬಾಗಿಲು, ಪೆಟ್ಟಿಗೆಯಂತಹ ಮೈ, ಮಾಸಿದ ಬಿಳಿ ಬಣ್ಣ. ಅದು ಪ್ರೀಮಿಯರ್ ಪದ್ಮಿನಿ!

ಆದರೂ ನಾವು ಸುಳ್ಳಾಡಿರಲಿಲ್ಲ. ಟ್ಯೂರಿನ್ ನಗರದ ಫಿಯಟ್ ಕಂಪೆನಿಯು 1953ರಲ್ಲಿ ಹೊರತಂದ 1100 ಎಂಬ ಕಾರಿನ ವಂಶದ ಕುಡಿ ಇದು. ಅದೇ ಕಂಪೆನಿಯು ಶೋಕಿಯ ಕಾರುಗಳನ್ನೂ ಮಾಡಿತು. ನಮ್ಮ ದೇಶದ ಪಾಲಿಗೆ ಬಂದುದು ಸಂಸಾರಿಗರ ಕಾರು. ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1964ರಲ್ಲಿ ಡಿಲೈಟ್, 1972ರಲ್ಲಿ ಪ್ರೆಸಿಡೆಂಟ್, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಾಯಿತೇ ಹೊರತು ರೂಪ ಹೆಚ್ಚು ಬದಲಾಗಲಿಲ್ಲ. ಇಟಲಿಯವರು 1969ರಲ್ಲಿ ಕೈಬಿಟ್ಟ ಕಾರನ್ನು ನಾವು 2000ದ ಸುಮಾರಿನವರೆಗೂ ಮಾಡುತ್ತಲೇ ಇದ್ದೆವು.

ನಮ್ಮ ತೀರ್ಥರೂಪರು ಅಡಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಇದನ್ನು ಮಂಗಳೂರಿನಿಂದ ಹಳೆಯದಾಗಿಯೇ ಕೊಂಡು ತಂದರು. ಮುರಕಲ್ಲಿನ ಕಂಬ, ಸೋಗೆಯ ಮಾಡಿನ ಕೊಟ್ಟಿಗೆಯಲ್ಲಿ ದನಗಳ ಪಕ್ಕದಲ್ಲಿ ಅದಕ್ಕೊಂದು ಸ್ಥಳವಾಯಿತು. ಅವರು ಓದಿದ್ದು ಎಂಟನೆಯ ತರಗತಿ. ಆದರೆ ಕಾರಿಗೆ ಮಾಡಿದ ಪ್ರತಿಯೊಂದು ರಿಪೇರಿಯನ್ನೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಬಳಿಕ ಭಾವಂದಿರು, “ಗುಜರಿಗೆ ಕೊಟ್ಟುಬಿಡು ಮಾರಾಯ, ಕೊಟ್ಟಿಗೆಯಾದರೂ ಖಾಲಿಯಾದೀತು” ಎಂದರು. ನಮಗೆ ಮನಸ್ಸಾಗಲಿಲ್ಲ. ಪುಸ್ತಕವನ್ನೇ ಗುರುವಾಗಿಟ್ಟುಕೊಂಡು ಶನಿವಾರ ಭಾನುವಾರಗಳಲ್ಲಿ ಪಾನ, ತಿರುಪುಳಿ ಹಿಡಿದು ಕುಳಿತೆವು.

ಈ ಇಂಜಿನಿನ ಒಂದು ಗುಣವನ್ನು ಹೇಳಲೇಬೇಕು. ಈಗಿನ ಕಾರುಗಳ ಮುಚ್ಚಳ ತೆರೆದರೆ ಕಾಣುವುದು ಪ್ಲಾಸ್ಟಿಕ್ಕಿನ ಇನ್ನೊಂದು ಮುಚ್ಚಳ. ಪದ್ಮಿನಿಯಲ್ಲಿ 1089 ಸಿಸಿಯ ಇಂಜಿನು ನಡುವೆ ಕುಳಿತಿರುತ್ತದೆ. ಎರಡು ಬದಿಯಲ್ಲಿಯೂ ಕೈ ಹೋಗುವಷ್ಟು ಜಾಗವಿದೆ. ನಾಲ್ಕು ಸಿಲಿಂಡರುಗಳಲ್ಲಿ ಬೆಂಕಿ ಹತ್ತುವ ಕ್ರಮ 1-3-4-2. ಒಮ್ಮೆ ನಾವು ಪ್ಲಗ್ಗಿನ ತಂತಿಗಳನ್ನು 1-2-3-4 ಎಂದು ಎಳೆಯ ಮಕ್ಕಳ ಮಗ್ಗಿಯ ಕ್ರಮದಲ್ಲಿ ಸಿಕ್ಕಿಸಿ ಅರ್ಧ ದಿನ ಬೆವರು ಸುರಿಸಿದೆವು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಿನ ಅಂತರ ಅರ್ಧ ಮಿಲಿಮೀಟರಿಗೆ ತುಸು ಕಡಮೆ ಇರಬೇಕು. ಇಲ್ಲಿಯ ಮಳೆಗಾಲದ ತೇವಕ್ಕೆ ಆ ಪಾಯಿಂಟುಗಳು ಕಿಲುಬು ಹಿಡಿದು, ಬೆಳಗ್ಗೆ ಕಾರು ಕೆಮ್ಮುವುದೇ ಹೊರತು ಹೊರಡುವುದಿಲ್ಲ. ಒಣಬಟ್ಟೆಯಿಂದ ಒರೆಸಿ, ಸಣ್ಣ ಮರಳು ಕಾಗದದಿಂದ ಒಮ್ಮೆ ಸವರಿದರೆ ಸಾಕು. ರೇಡಿಯೇಟರಿಗೆ ನಮ್ಮ ಗುಡ್ಡದ ಸುರಂಗದ ನೀರು. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಬೆರೆಸುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಮೆತ್ತಗಾಗುತ್ತವೆ, ಅವುಗಳನ್ನೂ ಬದಲಿಸಿದ್ದಾಯಿತು. ಹೀಗೆ ಒಂದೊಂದೇ ಗೆದ್ದಂತೆ ನಮಗೆ ಸ್ವಲ್ಪ ಅಹಂಕಾರವೂ ಬಂದಿತೆಂದು ಒಪ್ಪಿಕೊಳ್ಳುತ್ತೇವೆ. ಸಹೋದ್ಯೋಗಿಗಳ ಸ್ಕೂಟರು ಕೆಟ್ಟರೂ ನಮ್ಮನ್ನೇ ಕರೆಯುತ್ತಿದ್ದರು.

ಬಿಡಿಭಾಗಗಳ ಮಾತು ಬೇರೆ. ಮುಂಬಯಿಯಲ್ಲಿ ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಸಾವಿರಗಟ್ಟಲೆ ಓಡುತ್ತಿದ್ದ ಕಾಲದಲ್ಲಿ ಯಾವ ಭಾಗಕ್ಕೂ ಬರವಿರಲಿಲ್ಲ. ಟ್ಯಾಕ್ಸಿಗೆ 20 ವರ್ಷವೇ ಆಯುಷ್ಯವೆಂಬ ನಿಯಮದಂತೆ ಅವುಗಳಲ್ಲಿ ಕೊನೆಯದೂ 2023ರ ಅಕ್ಟೋಬರ್ ತಿಂಗಳಲ್ಲಿ ರಸ್ತೆ ಬಿಟ್ಟಿತು. ಪತ್ರಿಕೆಗಳಲ್ಲಿ ಅದೊಂದು ನೆನಪಿನ ಸುದ್ದಿ. ನಮಗೆ ಮಾತ್ರ ಅಂಗಡಿಯವರ “ಸ್ಟಾಕಿಲ್ಲ” ಎಂಬ ಮಾತಾಗಿ ಅದು ತಲಪಿತು.

ಕಳೆದ ವರ್ಷದ ಸೋಣ ತಿಂಗಳಲ್ಲಿ ಹಿಂದಿನ ಎಡಗಾಲಿಯ ಒಳಮೈ ಒದ್ದೆಯಾಗಿರುವುದನ್ನು ಕಂಡೆವು. ಡ್ರಮ್ಮು ಬಿಚ್ಚಿದರೆ ಬ್ರೇಕಿನ ಸಣ್ಣ ಸಿಲಿಂಡರಿನಿಂದ ಎಣ್ಣೆ ಒಸರುತ್ತಿತ್ತು. ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಆ ನೀರು ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಾಗಿ, ಕಣ್ಣಿಗೆ ಕಾಣದಂತಹ ಗುಳಿಗಳನ್ನು ಕೊರೆಯುತ್ತದೆ. ತೀರ್ಥರೂಪರ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು: ಒಳಗೆ ತುಕ್ಕು ಕಂಡರೆ ಉಜ್ಜಿ ಕೂಡ್ರಿಸಬಾರದು, ಹೊಸದೇ ಹಾಕಬೇಕು. ಓದಿದೆವು. ಆದರೆ ಹೊಸದು ಮಂಗಳೂರಿನಲ್ಲಿಯೂ ಸಿಗಲಿಲ್ಲ. ಬೇರೆ ಊರಿನಿಂದ ತರಿಸಲು ಹದಿನೈದು ದಿನ ಬೇಕೆಂದರು. ಓಣಂ ರಜೆ ಮುಗಿಯುತ್ತಿತ್ತು. ಮರಳು ಕಾಗದದಿಂದ ಉಜ್ಜಿ, ಹೊಸ ರಬ್ಬರು ಹಾಕಿ, ಗಾಳಿ ತೆಗೆದು, ಅಂಗಳದಲ್ಲಿ ಎರಡು ಸುತ್ತು ಓಡಿಸಿ, ಅದೇ ಪುಸ್ತಕದಲ್ಲಿ ‘ಸರಿಯಾಗಿದೆ’ ಎಂದು ಬರೆದು ರುಜು ಹಾಕಿದೆವು.

ಆರನೆಯ ದಿನ ಬದಿಯಡ್ಕದಿಂದ ಕುಂಬಳೆಯ ಕಡೆಗೆ ಇಳಿಯುತ್ತಿದ್ದೆವು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು. ಒಂದು ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಾಲು ನೆಲಕ್ಕೇ ಹೋಯಿತು. ನಮ್ಮ ಪದ್ಮಿನಿಯಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿ ಬರಿದಾದರೆ ನಾಲ್ಕೂ ಇಲ್ಲ. ಮುಂದೆ ಮಕ್ಕಳನ್ನು ಇಳಿಸುತ್ತ ನಿಂತಿದ್ದ ಒಂದು ಬಸ್ಸು. ಸ್ಟಿಯರಿಂಗಿನ ಕುತ್ತಿಗೆಯಲ್ಲಿರುವ ಗೇರಿನ ಕೋಲನ್ನು ಎರಡನೆಯದಕ್ಕೆ ಎಳೆದೆವು. ಇಂಜಿನು ಅರಚಿತು, ವೇಗ ಇಳಿಯಿತು. ಕೈಬ್ರೇಕನ್ನು ಜಗ್ಗಿ, ಎಡಬದಿಯ ಮುರಕಲ್ಲಿನ ಬರೆಗೆ ಕಾರನ್ನು ಉಜ್ಜಿದೆವು. ನಿಂತಿತು. ಮಗಳು ಅಳಲಿಲ್ಲ. “ಅಪ್ಪಾ, ನೀವೇ ಅಲ್ಲವಾ ಸರಿ ಮಾಡಿದ್ದು?” ಎಂದಳು.

ಕಾರನ್ನು ಎಳೆಸಿಕೊಂಡು ಹೋದುದು ಕುಂಬಳೆಯ ಬಳಿಯ ಒಬ್ಬ ಮುದುಕ ಮೇಸ್ತ್ರಿಯಲ್ಲಿಗೆ. ಅವರು ಸಿಲಿಂಡರನ್ನು ಬಿಚ್ಚಿ, ಕಿರುಬೆರಳನ್ನು ಒಳಗೆ ತಿರುಗಿಸಿ, ಹರಿದ ರಬ್ಬರನ್ನು ನಮ್ಮ ಅಂಗೈಯಲ್ಲಿಟ್ಟರು. ಗುಳಿಗಳ ಅಂಚು ಅದನ್ನು ಅರದಂತೆ ತಿಂದಿತ್ತು. “ಇಂಜಿನಿನಲ್ಲಿ ಏನು ಬೇಕಾದರೂ ಮಾಡಿ ಮಾಷ್ಟ್ರೇ. ಬ್ರೇಕು ಮುಟ್ಟುವಾಗ ನನ್ನನ್ನೊಮ್ಮೆ ಕೇಳಬಾರದಿತ್ತಾ?” ಎಂದರು. ಬೈಯಲಿಲ್ಲ, ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಆ ಬಳಿಕ ಹದಿನೈದು ದಿನ ಕಾದು, ನಾಲ್ಕೂ ಗಾಲಿಗಳ ಸಿಲಿಂಡರುಗಳನ್ನೂ ಹೊಸದಾಗಿ ಹಾಕಿಸಿದೆವು. ಬ್ರೇಕಿನ ಕೆಲಸವೆಲ್ಲ ಈಗ ಮೇಸ್ತ್ರಿಯವರದು. ನಾವು ಪಕ್ಕದಲ್ಲಿ ಕುಳಿತು ದೀಪ ಹಿಡಿಯುತ್ತೇವೆ. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಪೂರ್ತಿ ಬದಲಿಸಬೇಕೆಂದು ಅವರು ಹೇಳಿದುದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ. ನಮ್ಮ ‘ಸರಿಯಾಗಿದೆ’ ಎಂಬ ಬರಹವನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ನಡೆದುದನ್ನು ತಾರೀಖು ಸಹಿತ ಬರೆದಿದ್ದೇವೆ.

ಮಗಳು ಬಹಳ ದಿನ ಕಾರಿನ ಹತ್ತಿರ ಸುಳಿಯಲಿಲ್ಲ. ಈಚೆಗೆ ಕೊಟ್ಟಿಗೆಗೆ ಬರುತ್ತಾಳೆ. ಸುರಂಗದಿಂದ ಚೊಂಬಿನಲ್ಲಿ ನೀರು ತಂದು ರೇಡಿಯೇಟರಿಗೆ ಹೊಯ್ಯುತ್ತಾಳೆ. ಕಳೆದ ಭಾನುವಾರ ಕುಂಬಳೆಗೆ ಹೋಗೋಣವೇ ಎಂದು ಕೇಳಿದೆವು. ಅವಳು ಹಿಂದಿನ ಬಾಗಿಲು ತೆರೆದು ಕುಳಿತಳು. ಹೊರಡುವ ಮೊದಲು, “ಒಮ್ಮೆ ಬ್ರೇಕು ಒತ್ತಿ ನೋಡಿ ಅಪ್ಪಾ” ಎಂದಳು. ಒತ್ತಿ ತೋರಿಸಿದೆವು.